ರಕ್ತದಲ್ಲಿ ಗೊಬ್ಬರ

ಅಕ್ಕನ ಎರಡೂ ಕಿಡ್ನಿಗಳು ಕೈಕೊಟ್ಟ ಮೇಲೆ ಹಾಸನದ ಡಾಕ್ಟರು, ರಕ್ತದಲ್ಲಿ ಫಾಸ್ಫೇಟ್ ಜಾಸ್ತಿಯಾಗಿದೆ, ಮೈ ತುರಿಸುವುದು ಅದಕ್ಕೇ ಎಂದರು. ಅಕ್ಕನನ್ನು ಕೊಟ್ಟ ಹೆಗ್ಗದ್ದೆಯ ಕಡೆ ಫಾಸ್ಫೇಟ್ ಎಂದರೆ ಗೊಬ್ಬರ. ಮೂಟೆಯಲ್ಲಿ ಬರುತ್ತದೆ, ಕಾಫಿ ಗಿಡದ ಬುಡಕ್ಕೆ ಹಾಕುತ್ತಾರೆ. ಮದುವೆಯಾಗಿ ಬಂದಾಗಿನಿಂದ ಬರಿಗೈಯಲ್ಲಿ ಎರಚಿದ್ದು ಅಂಗೈಯಿಂದಲೇ ಮೈಗೆ ಇಳಿದಿದೆ ಎಂದು ಅಕ್ಕ ತೀರ್ಮಾನಿಸಿಬಿಟ್ಟಳು. ಸೋಪು ಹಚ್ಚಿ ಹಚ್ಚಿ ತೊಳೆದು ಕೈಯೆಲ್ಲ ಒಡೆಯಿತು. ಹಾಲು, ಬೇಳೆ, ರಾಗಿ, ಎಲ್ಲದರಲ್ಲೂ ಅದಿರುತ್ತದೆ, ಕಿಡ್ನಿ ಹೊರಹಾಕುತ್ತಿಲ್ಲ ಅಷ್ಟೇ ಎಂದು ನಾನು ಎಷ್ಟು ಬಡಿದುಕೊಂಡರೂ ಅವಳ ತಲೆಗೆ ಹೋಗಲಿಲ್ಲ.

ತಲೆಗೆ ಹೋದದ್ದು ಒಂದೇ: ತಮ್ಮನಾದ ನಾನು ಲ್ಯಾಬಿನಲ್ಲಿ ಮಾಡುವುದೂ ಫಾಸ್ಫೇಟ್ ಹಿಡಿಯುವ ಕೆಲಸವೇ. ಅದು ನಿಜ. ಫಾಸ್ಫೇಟಿನಂಥ ಋಣ ವಿದ್ಯುದಂಶದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ, ಬಟ್ಟಲಿನಂಥ ಅಣುಗಳನ್ನು ಕಟ್ಟುವುದು ನನ್ನ ಹೊಟ್ಟೆಪಾಡು. ಅಕ್ಕ ಮಾತ್ರೆ ನುಂಗುತ್ತಿದ್ದಳು, ಡಯಾಲಿಸಿಸ್‌ಗೂ ಹೋಗುತ್ತಿದ್ದಳು. ತುರಿಕೆ ಬಿಡಲಿಲ್ಲ. "ನಿನ್ನ ಔಷಧಿ ಬರಗಂಟ ತಡ್ಕತೀನಿ ಕಣೋ" ಎಂದು ಬಾಚಣಿಗೆಯಲ್ಲಿ ಬೆನ್ನು ಕೆರೆದುಕೊಳ್ಳುತ್ತಾ ಹೇಳುತ್ತಿದ್ದಳು. ಔಷಧಿಯಲ್ಲ ಮಾರಾಯ್ತಿ, ಬರೀ ಅಣು ಎಂದರೆ ನಗುತ್ತಿದ್ದಳು.

ನೀರಿನ ಸೋಂಕಿಲ್ಲದ ಕ್ಲೋರೋಫಾರ್ಮ್ ದ್ರಾವಕದಲ್ಲಿ ನನ್ನ ಅಣು ಫಾಸ್ಫೇಟನ್ನು ಗಟ್ಟಿಯಾಗಿ ಹಿಡಿಯಿತು. ನನಗೂ ಆಸೆ ಹುಟ್ಟಿತು, ಮುಚ್ಚಿಡುವುದೇನು. ನೀರಿನಲ್ಲಿ ಕರಗಲೆಂದು ಅದಕ್ಕೊಂದು ಬಾಲ ಜೋಡಿಸಿ ನೀರಿಗೆ ಹಾಕಿದೆ. ಏನನ್ನೂ ಹಿಡಿಯಲಿಲ್ಲ. ನೀರು ಫಾಸ್ಫೇಟನ್ನು ಸುತ್ತಲೂ ಅಪ್ಪಿಕೊಂಡಿರುತ್ತದೆ. ಬಿಡಿಸಿ ಎಳೆಯುವ ಶಕ್ತಿ ನನ್ನ ಬಟ್ಟಲಿಗಿಲ್ಲ. ಆಕಾರ ಬದಲಿಸಿದೆ, ಮತ್ತೆ ಬದಲಿಸಿದೆ. ಅದೇ ಹಣೆಬರಹ. ಕ್ಲೋರೋಫಾರ್ಮಿನ ಫಲಿತಾಂಶ ಚೆನ್ನಾಗಿದೆಯಲ್ಲ, ಪೇಪರಿಗೆ ಅಷ್ಟು ಸಾಕು ಎಂದರು ನಮ್ಮ ಪ್ರೊಫೆಸರು. ನನಗೆ ಮೈಯೆಲ್ಲ ಉರಿಯಿತು.

ಹೆಗ್ಗದ್ದೆಗೆ ಹೋಗಿ, ಜಗಲಿಯಲ್ಲಿ ಕೂತು, ನೀರಿನಲ್ಲಿ ಇದು ಆಗುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ.

"ರಕ್ತದಾಗೆ ಇರದೂ ನೀರೇ ಅಲ್ವೇನೋ?"

ಹೌದೆಂದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ನಿಮ್ ಭಾವಂಗೆ ಹೇಳ್ಬ್ಯಾಡ" ಎಂದಳು. "ಇನ್ನೊಂದ್ ವರ್ಷ ಆಗ್ತೈತೆ ಅಂದ್ಬುಡು."

ತೋಟದಿಂದ ಬಂದ ಭಾವ ಚಪ್ಪಲಿ ಬಿಡುವ ಮೊದಲೇ, ನಿನ್ನ ಔಷಧಿ ಎಲ್ಲಿಗೆ ಬಂತು ಎಂದು ಕೇಳಿದರು. ಇನ್ನೊಂದು ವರ್ಷ ಎಂದೆ. ಅಕ್ಕ ಅಂಗಳದ ಕಡೆ ನೋಡುತ್ತಿದ್ದಳು. ಭಾವ ಅವಳ ಪಕ್ಕ ಬಂದು ಕೂತರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು.

"ಒಂದ್ ವರ್ಷ ತಾನೇ" ಎಂದರು ಅಕ್ಕನಿಗೆ. "ಹೆಂಗೋ ಕಳ್ದೋಗ್ತೈತೆ ಬುಡು."