ಒದರುವ ಕೆಲಸ

ಗಂಟನ್ನು ಮೊದಲು ಕಂಡವನು ಕ್ಷೌರಿಕ. ಗಡ್ಡ ಹೆರೆಯುತ್ತಿದ್ದವನು ಕೈ ನಿಲ್ಲಿಸಿ, "ಕಾಕಾ, ಗಂಟಲಿಗೆ ಇದೇನ್ರಿ?" ಎಂದ. ತೇಗು ಬಂದರೂ ಹಾರ್ಟ್ ಅಟ್ಯಾಕ್ ಎಂದು ಹೆದರಿ, ನಮ್ಮ ಇಂಡಿ ಊರಿನ ದವಾಖಾನೆಗಳ ಬೆಂಚು ಸವೆಸಿದವನು ನಾನು. ನಿಜವಾದ ರೋಗ ಬಂದಾಗ ಮಾತ್ರ ನನಗೆ ಗೊತ್ತೇ ಆಗಿರಲಿಲ್ಲ.

ಬಯಾಪ್ಸಿ ಆಯಿತು.

ಥೈರಾಯ್ಡ್ ಕ್ಯಾನ್ಸರ್.

"ಕ್ಯಾನ್ಸರ್‌ನಾಗ ಇದು ಚಲೋದ್ರಿ, ಹೆದರಬ್ಯಾಡ್ರಿ," ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ಹೆಂಡತಿ, "ಒಮ್ಮ್ಯಾರ ಚಲೋ ಮಾಲು ತಂದ್ರಿ ನೋಡ್ರಿ," ಎಂದು ನಗಲು ಹೋಗಿ ಅತ್ತಳು.

ಆಪರೇಷನ್ ಆಯಿತು. ರೇಡಿಯೋ ಅಯೋಡಿನ್ ಎಂಬ ವಿಕಿರಣದ ಔಷಧಿ ಕೊಟ್ಟು ಒಂಟಿ ಕೋಣೆಯಲ್ಲಿಟ್ಟರು. ಬಾಯಿ ಒಣಗದಿರಲೆಂದು ಚೀಪಲು ನಿಂಬೆಹಣ್ಣಿನ ಹೋಳು ಕೊಟ್ಟರು. ವರ್ಷಗಟ್ಟಲೆ ಇಂಡಿ ಮಾರುಕಟ್ಟೆಯಲ್ಲಿ ನಿಂಬೆ ಹರಾಜು ಕೂಗಿದವನಿಗೆ ಅಲ್ಲಿಯೂ ನಿಂಬೆಯೇ. ರೋಗ ಹೋಯಿತು, ಜೊತೆಗೆ ದನಿಯೂ. ಗಂಟಲಿನ ನರಕ್ಕೆ ಪೆಟ್ಟಾಗಿದೆ, ದನಿ ಮರಳಬಹುದು ಎಂದರು. ನನ್ನಂಥ ಚಿಂತೆಗಾರನ ಕೈಗೆ 'ಬಹುದು' ಎಂಬ ಮಾತನ್ನು ಕೊಡಬಾರದು.

ಕೆಲಸಕ್ಕೆ ಮರಳಿದ ಬೆಳಿಗ್ಗೆ, ರೈತರ ಮಾಲು ಮಾರಿಕೊಡುವ, ನಾನು ದುಡಿಯುವ ಅಡತಿ ಅಂಗಡಿಯ ಸಾಹುಕಾರರು ಮುಚ್ಚುಮರೆ ಮಾಡಲಿಲ್ಲ. "ಒದರಾಕ ಆದ್ರ ಒದರು, ಮಲ್ಲಪ್ಪ. ಆಗ್ಲಿಲ್ಲಂದ್ರ ನಾಳಿಂದ ಬ್ಯಾರೆಯವ್ರನ್ನ ಹಚ್ತೇನಿ."

ಮೊದಲ ನಿಂಬೆ ರಾಶಿ ದೇವಣಗಾಂವದ ರೈತ ಹೆಂಗಸು ಶಿವಮ್ಮನದು. ಮುಂದೆ ನಿಂತ ಖರೀದಿದಾರನೊಬ್ಬ ಹೇಳಿದ ದರವನ್ನು ಉಳಿದಷ್ಟು ದನಿಯಲ್ಲಿ ಕೂಗಿದೆ. ಮುಂದೆ ನಿಂತವರಿಗಷ್ಟೇ ಕೇಳಿಸಿತೆಂದು ಕಾಣುತ್ತದೆ, ಯಾರೂ ಏರಿಸಲಿಲ್ಲ. ಒಂದು ಬಾರಿ, ಎರಡು ಬಾರಿ ಎಂದೆ.

ಮೂರನೆಯದಕ್ಕೆ ಬರೀ ಗಾಳಿ ಬಂತು.

"ಆತು, ಮೂರೂ ಆದುವು! ಮಾಲು ನಂದು," ಎಂದು ಆ ಖರೀದಿದಾರ ಚೀಲ ಬಿಚ್ಚಿದ.

"ಎಲ್ಲಿ ಆತೋ ಯಪ್ಪಾ? ಹಿಂದಿನವ್ರಿಗೆ ಒಂದನೇದ್ದೂ ಕೇಳಿಲ್ಲ," ಶಿವಮ್ಮ ರಾಶಿಗೆ ಅಡ್ಡ ನಿಂತಳು. ನನ್ನ ಕಡೆ ತಿರುಗಿ, "ಅಣ್ಣಾ, ನೀ ನನ್ನ ಕಿವ್ಯಾಗ ಹೇಳು. ನಾ ಒದರ್ತೇನಿ," ಎಂದಳು.

ಮಾಲಿನ ಒಡತಿಯೇ ಹರಾಜು ಕೂಗುವ ಪದ್ಧತಿ ನಮ್ಮಲ್ಲಿಲ್ಲ. ಸಾಹುಕಾರರ ಮುಖ ನೋಡಿದೆ. ಅವರು ಚಹಾದ ಕಪ್ಪಿನಿಂದ ಬಾಯಿ ತೆಗೆಯದೆ "ಹೂಂ" ಎಂದರು. ನಾನು ಪಿಸುಗುಟ್ಟಿದೆ, ಆಕೆ ಒದರಿದಳು. ನನ್ನ ದನಿ ಗಟ್ಟಿಯಿದ್ದಾಗಲೂ ಅಷ್ಟು ದೂರ ಮುಟ್ಟಿರಲಿಲ್ಲ. ಹಿಂದಿದ್ದವರು ಮುಂದೆ ನುಗ್ಗಿದರು. ದರ ಏರಿತು.

"ಆಕಿ ಒದರೂದು ಕೇಳಿದ್ರ ದರ ಅಲ್ಲ, ಬಿ.ಪಿ. ಏರತೈತಿ," ಎಂದು ಖರೀದಿದಾರ ಗೊಣಗುತ್ತ ಚೀಲ ಮಡಚಿದ.

ಸಾಹುಕಾರರು "ಮುಂದಿಂದು ನಡಸು" ಎಂದರು. ನಾಳೆಯ ಮಾತು ಎತ್ತಲಿಲ್ಲ.

ಮುಂದಿನ ರಾಶಿಯ ರೈತ ಆಗಲೇ ಕೆಮ್ಮಿ ಗಂಟಲು ಸರಿಮಾಡಿಕೊಂಡು, ನನ್ನತ್ತ ಕಿವಿ ಒಡ್ಡಿ ನಿಂತಿದ್ದ.