ಬೀಡಿ ಕಟ್ಟಿಗೆ ನಿಲ್ಲಿಸಿದ ಕಥೆ

ಏಳನೇ ಕ್ಲಾಸಿನವರೆಗೆ ನನ್ನ ಜೊತೆ ಓದಿದವನು ಈಗ ದೊಡ್ಡ ಕಾದಂಬರಿಕಾರ. ನದಿಯ ಅಡಿಯಲ್ಲೊಂದು ಪೇಟೆ, ಅಲ್ಲಿ ರೆಪ್ಪೆ ಮುಚ್ಚದ ವ್ಯಾಪಾರಿಗಳು. ಇಂಥ ಮಾಯಾಲೋಕದ ಕಾದಂಬರಿಗಳನ್ನು ಸಾಲಾಗಿ ಬರೆದು ಮೂಡುಬಿದಿರೆಯ ಕಾಲೇಜಿನ ಕೆಲಸವನ್ನೂ ಬಿಟ್ಟ. ನಾನು ಏಳಕ್ಕೇ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋದವನು. ವಾಮದಪದವಿನ ಸುತ್ತ ನಾನು ಎಬ್ಬಿಸಿದ ಗೋಡೆ ಒಂದೂ ಬಿರುಕು ಬಿಟ್ಟಿಲ್ಲ. ಆ ಹೆಮ್ಮೆ ನನಗುಂಟು. ಆದರೂ ಪೇಪರಿನಲ್ಲಿ ಅವನ ಫೋಟೋ ಕಂಡ ದಿನ ಚಹಾ ರುಚಿಸುವುದಿಲ್ಲ.

ಯಾಕೆಂದರೆ ಆ ಪೇಟೆ ನನ್ನದು.

ನಮ್ಮ ಜಗಲಿಯಲ್ಲಿ ಅಮ್ಮ ಮತ್ತು ನೆರೆಮನೆಯ ಹೆಂಗಸರು ಬೀಡಿ ಸುತ್ತುತ್ತಿದ್ದರು. ಅವರ ಕೈ ನಿಲ್ಲದಂತೆ ಕಥೆ ಹೇಳುವುದು ನನ್ನ ಪಾಲಿನ ಕೆಲಸ. ಬಂಟ್ವಾಳ ಪೇಟೆಗೆ ನೆರೆ ನುಗ್ಗಿದ ವರ್ಷ, ತೇಲಿಹೋದ ಅಕ್ಕಿಮೂಟೆಗಳೆಲ್ಲ ಎಲ್ಲಿಗೆ ಹೋದವೋ ಎಂದು ಅಮ್ಮ ಅಂದಾಗ ಹುಟ್ಟಿದ್ದು ಆ ಪೇಟೆ. ನದಿಯ ಅಡಿಯವರಿಗೂ ವ್ಯಾಪಾರ ಬೇಡವೇ? ರುಚಿ ಹತ್ತಿದ ಕಡೆ ನಾನು ಬಾಯಿ ಮುಚ್ಚುತ್ತಿದ್ದೆ.

“ಮತ್ತೆ ಎಂತಾಯ್ತಾ?” ಎಂದು ಅಮ್ಮ ಕೇಳಿದರೆ, “ಮೊದಲು ಎಲ್ಲರದ್ದೂ ಒಂದೊಂದು ಕಟ್ಟು ಆಗಲಿ,” ಎನ್ನುತ್ತಿದ್ದೆ. ಬೇಗ ಬೇಗ ಸುತ್ತಿ, ಬೀಡಿಯ ಕಟ್ಟಿಗೆ ನೂಲು ಬಿಗಿದ ಮೇಲೆಯೇ ಉಳಿದ ಕಥೆ. ಈ ಕಾದಂಬರಿಕಾರ ಆಗ ಅಲ್ಲೇ ಬೀಡಿ ಸುತ್ತುವ ತನ್ನ ಅಮ್ಮನ ಪಕ್ಕ ಕೂತು ಬಾಯಿ ತೆರೆದು ಕೇಳುತ್ತಿದ್ದ.

ಅವನ ಅಧ್ಯಾಯಗಳೂ ಹಾಗೆಯೇ. ಗಿಡ್ಡ ಗಿಡ್ಡ, ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಮುಗಿಯುತ್ತವೆ. ಓದಿದವರು ಅದನ್ನು ಅಪೂರ್ವ ಶೈಲಿ ಎನ್ನುತ್ತಾರೆ.

ಮೊನ್ನೆ ಮೂಡುಬಿದಿರೆಯಲ್ಲಿ ಅವನ ಭಾಷಣವಿತ್ತು. ಕೆಲಸಕ್ಕೆ ರಜೆ ಹಾಕಿ ಹೋದೆ. ಇವತ್ತಾದರೂ ನನ್ನ ವಿಷಯ ಎತ್ತುತ್ತಾನಾ ನೋಡಬೇಕಿತ್ತು. ಒಬ್ಬಳು ವಿದ್ಯಾರ್ಥಿನಿ ಕೇಳಿಯೇಬಿಟ್ಟಳು: “ಸರ್, ಈ ಶೈಲಿ ನಿಮಗೆ ಎಲ್ಲಿಂದ ಬಂತು?”

“ಬೀಡಿ ಕಟ್ಟುವ ನಮ್ಮ ತಾಯಂದಿರಿಂದ,” ಎಂದ.

ಚಪ್ಪಾಳೆಯೋ ಚಪ್ಪಾಳೆ. ಅದರಲ್ಲಿ ನನ್ನ ಅಮ್ಮನಿಗೂ ಪಾಲು ಸಿಕ್ಕಿತು, ನನಗೆ ಇಲ್ಲ.

ಎದ್ದು ಹೊರಗೆ ಬಂದೆ. ಕಾರ್ಯಕ್ರಮ ಮುಗಿದದ್ದೇ ಅವನೂ ಓಡಿ ಬಂದು ಕೈ ಹಿಡಿದ. “ಎಂತ ಮಾರಾಯ, ಮಾತಾಡದೆ ಹೋಗುವುದಾ?”

“ನೀನು ಮಾತಾಡಿದ್ದು ಸಾಕಲ್ಲ.”

“ಸಿಟ್ಟಾ?” ಎಂದು ನಕ್ಕ. ಮತ್ತೆ ದನಿ ತಗ್ಗಿಸಿದ. “ಕೊನೆಯ ಪುಸ್ತಕ ಬರೀತಾ ಇದ್ದೇನೆ, ಮುಗಿಯುವುದೇ ಇಲ್ಲ. ಅಕ್ಕಿ ಹುಡುಕಿಕೊಂಡು ಆ ಪೇಟೆಗೆ ಇಳಿದ ಹೆಂಗಸು ಮೇಲೆ ಬಂದಳಾ? ನೀನು ಕೆಲಸಕ್ಕೆ ಹೋದ ಮೇಲೆ ಕಥೆ ಅಲ್ಲಿಗೇ ನಿಂತಿತಲ್ಲ.”

ನನಗೂ ಗೊತ್ತಿರಲಿಲ್ಲ. ಅಂದಂದಿನದು ಅಂದಂದಿಗೆ ಹೆಣೆಯುತ್ತಿದ್ದೆ. ಆದರೆ ಅವನ ಎದುರು ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

“ಮೊದಲು ನಿನ್ನದೊಂದು ಕಟ್ಟು ಆಗಲಿ,” ಎಂದೆ. “ಆ ಹುಡುಗಿಗೆ ಸರಿಯಾದ ಉತ್ತರ ಕೊಡು. ಮೈಕಿನಲ್ಲಿ. ಮತ್ತೆ ಹೇಳ್ತೇನೆ.”

ಅವನು ತಿರುಗಿ ನೋಡಿದ. ಒಳಗೆ ಮೈಕಿನವರು ವಯರು ಸುತ್ತುತ್ತಿದ್ದರು. “ಈಗ ಹೇಗೆ ಮಾರಾಯ?” ಎಂದ.

“ನಿಧಾನಕ್ಕೆ ಆಗಲಿ,” ಎಂದು ನಾನು ಬಸ್‌ಸ್ಟ್ಯಾಂಡಿಗೆ ನಡೆದೆ.

ಬಸ್ಸಿನಲ್ಲಿ ಕೂತು ಅವಳನ್ನು ಮೇಲೆ ತರುವ ದಾರಿಗಳನ್ನು ಯೋಚಿಸಿದೆ. ವಾಮದಪದವು ಬರುವಷ್ಟರಲ್ಲಿ ಒಂದು ಒಳ್ಳೆಯ ದಾರಿ ಸಿಕ್ಕಿತು. ಅವನಿಗೆ ಫೋನು ಮಾಡಿಲ್ಲ.