ಹೆಸರಿನ ತಗಡು ಇಲ್ಲದ ಟ್ರ್ಯಾಪ್

ನಮ್ ಕನ್ನಡದವರ ಗುಂಪಲ್ಲಿ ಎಲ್ಲರೂ ಅವರನ್ನ ಕೌಬಾಯ್ ಅಂತಾನೇ ಕರೆಯೋದು. ಎದುರಿಗೂ ಅಷ್ಟೇ, ಅವರಿಗೆ ಬೇಜಾರಿಲ್ಲ. ಗದಗ ಕಡೆಯವರು. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರ್ ಪ್ಲಾಂಟಿನ ಪೇಂಟ್ ಶಾಪಲ್ಲಿ ಇಂಜಿನಿಯರ್ ಆಗಿದ್ರು. ಐವತ್ತಾರಕ್ಕೇ ಕೆಲಸ ಬಿಟ್ಟು, ಮಿಷಿಗನ್ನಿನ ಮೇಲ್ತುದೀಲಿ, ಸರೋವರದ ದೊಡ್ಡ ಸೇತುವೆ ದಾಟಿ ಇನ್ನೂ ಒಂದೂವರೆ ಗಂಟೆ ಆಚೆ, ನಲವತ್ತು ಎಕರೆ ತಗೊಂಡು ಆರು ಹಸು ಸಾಕೋಕೆ ಶುರು ಮಾಡಿದ್ರು. ತಲೆ ಮೇಲೆ ದೊಡ್ಡ ಹ್ಯಾಟು, ಕಾಲಿಗೆ ಬೂಟು. ಕುದುರೆ ಮಾತ್ರ ಇಲ್ಲ, ಹಸು ಹಿಂದೆ ಓಡೋಕೆ ಒಂದು ನಾಯಿ.

ನವೆಂಬರಲ್ಲಿ ಫೋನ್ ಮಾಡಿದ್ರು. ನಾನು ನಾರ್ತ್‌ವಿಲ್ಲಲ್ಲಿ ತರಕಾರಿ ತಗೋತಿದ್ದೆ.

"ಅಕ್ಕಾರ, ನೀವು ಬರಬೇಕ್ರಿ. ನನಗ ಇಂಗ್ಲಿಷ್‌ನಾಗ ಸಿಟ್ಟು ಮಾಡಾಕ ಬರಂಗಿಲ್ಲ. ನಿಮಗ ಚೊಲೊ ಬರತೈತಿ."

ಹೊಗಳಿದ್ರೋ ಬೈದ್ರೋ ಗೊತ್ತಾಗ್ಲಿಲ್ಲ. ಶುಕ್ರವಾರ ಐದೂವರೆ ಗಂಟೆ ಡ್ರೈವ್ ಮಾಡ್ಕೊಂಡು ಹೋದೆ.

ನಾಯಿ ಒಲೆ ಪಕ್ಕ ಮಲಗಿತ್ತು. ಮುಂದಿನ ಎಡಗಾಲು ಇಲ್ಲ. ಬೇಲಿ ಆಚೆ ಸರ್ಕಾರಿ ಕಾಡಲ್ಲಿ ಯಾರೋ ತುಪ್ಪಳದ ಬೇಟೆಗೆ ಇಟ್ಟಿದ್ದ ಕಬ್ಬಿಣದ ಟ್ರ್ಯಾಪಲ್ಲಿ ಸಿಕ್ಕಿ, ಎಳೆದೂ ಎಳೆದೂ ಕಾಲು ಹಾಳಾಗಿ, ಡಾಕ್ಟ್ರು ತೆಗೀಲೇಬೇಕಾಯ್ತಂತೆ. ಟ್ರ್ಯಾಪು ಟೇಬಲ್ ಮೇಲಿತ್ತು.

ಆ ಕಡೆ ಚಳಿಗಾಲದಲ್ಲಿ ರಕೂನ್, ನರಿ ಹಿಡಿದು ತುಪ್ಪಳ ಮಾರೋರು ಈಗ್ಲೂ ಇದಾರೆ. ಕಾನೂನೂ ಒಪ್ಪುತ್ತೆ. ಆದ್ರೆ ಪ್ರತಿ ಟ್ರ್ಯಾಪಿಗೂ ಮಾಲೀಕನ ಹೆಸರಿರೋ ಒಂದು ಪುಟ್ಟ ತಗಡು ಕಟ್ಟಲೇಬೇಕು. ಇದಕ್ಕೆ ತಗಡಿರಲಿಲ್ಲ. ಅರ್ಧ ಇಂಚು ತಾಮ್ರದ ತಂತಿ ಮಾತ್ರ ಉಳಿದಿತ್ತು. ಅದರ ತುದಿ ಹೊಸದಾಗಿ ಕತ್ತರಿಸಿದ ಹಾಗೆ ಹೊಳೀತಿತ್ತು.

"ಕಳ್ಳ ನನ್ಮಗ," ಅಂದ್ರು ಕೌಬಾಯ್. "ನಾಯಿ ಸಿಕ್ಕಿದ್ದು ನೋಡ್ಯಾನ, ಹೆಸರು ಕಿತ್ಕೊಂಡು ಓಡ್ಯಾನ. ನನಗ ಬ್ಯಾರೆ ಏನೂ ಬ್ಯಾಡ್ರಿ. ಎದುರಿಗೆ ನಿಂತು, ನಂದ ತಪ್ಪು ಅನ್ನಲಿ. ಸಾಕು."

"ನಾಯಿನ ಬಿಡಿಸಿದ್ಯಾರು?"

"ಇಕಿನ. ನಾ ದನದ ಫೀಡ್ ತರಾಕ ಹೋಗಿದ್ದೆ."

ಅವರ ಹೆಂಡತಿ ಉಪ್ಪಿಟ್ಟು ಬಡಿಸ್ತಾ, "ಆಗಿದ್ದು ಆತು, ಬಿಡ್ರಿ ಇನ್ನ," ಅಂದ್ರು. ಅವರಿಗೆ ಸಾಕಾಗಿದೆ ಅಂದ್ಕೊಂಡೆ. ಅಷ್ಟರಲ್ಲಿ ನನ್ನ ತಲೇಲಿ ಆ ಊರಿನವರೆಲ್ಲ ಕಳ್ಳರಾಗಿಬಿಟ್ಟಿದ್ರು. ಗ್ಯಾಸ್ ಸ್ಟೇಷನ್ನಲ್ಲಿ ನನ್ನ ಮುಖ ದಿಟ್ಟಿಸಿ ನೋಡಿದ್ದ ಹುಡುಗಿನೂ ಸೇರಿ.

ಮಾರನೇ ದಿನ ಮಧ್ಯಾಹ್ನ ಟೌನ್‌ಶಿಪ್ ಹಾಲಲ್ಲಿ ತುಪ್ಪಳದ ಮಾರಾಟ ಇತ್ತು. ಸುತ್ತಲ ಟ್ರ್ಯಾಪರ್‌ಗಳೆಲ್ಲ ಸೇರೋ ಜಾಗ. ಟ್ರ್ಯಾಪನ್ನ ಸೋನಾ ಮಸೂರಿ ಚೀಲಕ್ಕೆ ಹಾಕ್ಕೊಂಡು ಹೋದ್ವಿ. ಒಳಗೆ ಉದ್ದ ಟೇಬಲ್ ಮೇಲೆ ರಕೂನ್ ಚರ್ಮಗಳು ಮಡಿಸಿಟ್ಟ ಟವೆಲ್ ಥರ ಸಾಲಾಗಿದ್ವು. ಕೊಬ್ಬಿನ ವಾಸನೆಗೆ ಶಾಲು ಮೂಗಿಗೆ ಒತ್ಕೊಂಡೆ.

"ಯಾವ ರೋಡಿಯೋ ಕಡೆ ಹೊರಟಿದ್ದೀಯಪ್ಪಾ?" ಅಂದ ಒಬ್ಬ ಕೆಂಪು ಗಡ್ಡದವನು, ಕೌಬಾಯ್ ಹ್ಯಾಟು ನೋಡಿ. ರೋಡಿಯೋ ಅಂದ್ರೆ ಅಲ್ಲಿನ ಗೂಳಿ ಸವಾರಿ ಪಂದ್ಯ. ನಾಲ್ಕು ಜನ ನಕ್ಕರು. ಕಳ್ಳ ಇವನೇ ಅಂತ ಆಗ್ಲೇ ತೀರ್ಮಾನ ಮಾಡಿಬಿಟ್ಟೆ.

ನಾನು ಟ್ರ್ಯಾಪ್ ತೆಗೆದು ಕಾಫಿ ಟೇಬಲ್ ಮೇಲಿಟ್ಟು, ನಾಯಿ ಕಾಲಿನ ಕತೆ ಗಟ್ಟಿಯಾಗಿ ಹೇಳಿದೆ. ಒಬ್ಬ ಬೂಟು ನೋಡ್ಕೊಂಡ, ಇನ್ನೊಬ್ಬ ಚರ್ಮ ಎಣಿಸೋಕೆ ಶುರು ಮಾಡಿದ. ಕಾಫಿ ಬಗ್ಗಿಸ್ತಿದ್ದ ಅಜ್ಜಿ ಟ್ರ್ಯಾಪ್ ಎತ್ತಿ ಮೂಸಿ ನೋಡಿದ್ಲು.

"ಇದನ್ನ ವಾಲ್‌ನಟ್ ಸಿಪ್ಪೇಲಿ ಕುದಿಸಿ ಕಪ್ಪು ಮಾಡಿದಾರೆ. ಈಗಿನವರೆಲ್ಲ ಅಂಗಡಿ ಬಣ್ಣ ಹಾಕ್ತಾರೆ." ಹೆಸರು ಹೇಳಲಿಲ್ಲ. ಆದ್ರೆ ಅವಳ ಕಣ್ಣು ಮೂಲೆಗೆ ಹೋಯ್ತು.

ಮೂಲೇಲಿದ್ದ ಮುದುಕ ತಾನೇ ಎದ್ದ. ಕೌಬಾಯ್ ಮುಖ ಬಿಳಿಚ್ಕೊಂತು. ಅವನು ಇವರ ಪಕ್ಕದ ಜಮೀನಿನವನು. ಹತ್ತು ಮೈಲಿಗೆ ಅದೊಂದೇ ಮನೆ.

"ನಂದೇ ಅದು," ಅಂದ. "ಕಳೆದ ವಾರ ಕಳೆದೋಯ್ತು. ನಿನ್ನ ನಾಯಿ ಅದಕ್ಕೆ ಸಿಕ್ಕಿದ್ದು ಗೊತ್ತಿರಲಿಲ್ಲ. ನನ್ನ ತಗಡೆಲ್ಲಿ?"

"ನೀನೇ ಕತ್ತರಿಸಿದೀಯ." ಕೌಬಾಯ್ ಒಂದು ಹೆಜ್ಜೆ ಮುಂದೆ ಬಂದ್ರು.

"ಐವತ್ತು ವರ್ಷದಿಂದ ನನ್ನ ಹೆಸರಿಲ್ಲದೆ ಒಂದು ಟ್ರ್ಯಾಪೂ ಇಟ್ಟಿಲ್ಲ."

"ಸುಳ್ಳುಗಾರ," ಅಂದ್ರು ಕೌಬಾಯ್ ಇಂಗ್ಲಿಷಲ್ಲಿ, ಎಲ್ಲರಿಗೂ ಕೇಳೋ ಹಾಗೆ. ಇಂಗ್ಲಿಷ್ ಸಿಟ್ಟಿಗೆ ನಾನು ಬೇಕಾಗೇ ಇರಲಿಲ್ಲ.

ಮುದುಕ ದನಿ ಏರಿಸಲಿಲ್ಲ. "ಆ ಕಾಡಲ್ಲಿ ಕಡಿದ ಮರದ ಬೊಡ್ಡೆ ಮೇಲೆ ದಿನಾ ಬೆಳಿಗ್ಗೆ ಯಾರೋ ಬೇಯಿಸಿದ ಅಕ್ಕಿ ಇಡ್ತಾರೆ. ಸುತ್ತ ಬರೀ ರಕೂನ್ ಹೆಜ್ಜೆ. ನನ್ನ ಬೇಟೆ ಕೆಡಿಸೋಕೆ ಯಾರೋ ಆಮಿಷ ಹಾಕ್ತಿದ್ದಾರೆ ಅಂದ್ಕೊಂಡೆ. ಅದಕ್ಕೇ ಅಲ್ಲೇ ಇಟ್ಟೆ."

ಬೇಯಿಸಿದ ಅಕ್ಕಿ. ನಾನು ಕೌಬಾಯ್ ಮುಖ ನೋಡಿದೆ, ಅವರು ನನ್ನ ಮುಖ ನೋಡಿದ್ರು. ಹೊರಗೆ ಬಂದ್ವಿ.

ಕಾರು ಹತ್ತಿದ ಮೇಲೆ ನಾನೇ ಕೇಳಿದೆ, "ನಿಮ್ಮನೇಲಿ ಬೆಳಿಗ್ಗೆ ಕಾಗೆಗೆ ಅನ್ನ ಇಡೋದು ಎಲ್ಲಿ?"

"ಬೊಡ್ಡಿ ಮ್ಯಾಲ," ಅಂದ್ರು. "ಅನ್ನ ನಮ್ಮದ ಇರಬಹುದ್ರಿ. ತಗಡು ಕತ್ತರಿಸಿದಾಂವ ಮಾತ್ರ ಅವನ."

ಈಗ ನನಗೆ ಅನುಮಾನ ಬೇರೆ ಕಡೆ ತಿರುಗಿತ್ತು. ಹಾಲಲ್ಲಿ ಅಷ್ಟು ಜನರ ಮುಂದೆ ತಾನಾಗೇ ಎದ್ದು 'ನಂದೇ' ಅನ್ನೋನು ಹೆಸರು ಯಾಕೆ ಕಿತ್ಕೊಂಡು ಓಡ್ತಾನೆ? ನಾಯಿನ ಬಿಡಿಸಿದ್ಯಾರು ಅಂತ ನೆನ್ನೇನೇ ಕೇಳಿದ್ದೆ. ಉತ್ತರಾನೂ ಸಿಕ್ಕಿತ್ತು.

ಮನೆಗೆ ಹೋಗಿ ಶೂ ಕೂಡ ಬಿಚ್ಚದೆ ಅವರ ಹೆಂಡತೀನ ಕೇಳಿದೆ, "ಅಕ್ಕಾ, ತಗಡು ನೀವು ತೆಗೆದ್ರಾ?"

ಅವರು ಗೂಟಕ್ಕೆ ನೇತು ಹಾಕಿದ್ದ ಕೋಟಿನ ಜೇಬಿಂದ ತೆಗೆದು ಟೇಬಲ್ ಮೇಲಿಟ್ರು. ಬೆರಳಗಲದ ತಾಮ್ರ, ಪಕ್ಕದ ಮನೆಯವನ ಹೆಸರು.

"ನೀನ?" ಅಂದ್ರು ಕೌಬಾಯ್.

"ಹೂಂ, ನಾನ. ಬೇಲಿ ತಂತಿ ಕತ್ತರಿಸೂ ಇಕ್ಕಳ ಇತ್ತಲ್ಲ, ಅದರಲೇ. ನಿಮ್ಮ ಸಿಟ್ಟು ನನಗ ಗೊತ್ತಿಲ್ಲೇನು? ಹೆಸರು ಓದಿದ ಕೂಡ್ಲೇ ಅವನ ಬಾಗಲಕ್ಕ ಹೋಗಿ ನಿಂದರತಿದ್ರಿ. ಹೋದ ಜನವರಿ ನಿಮಗ ಎದಿ ನೋವು ಬಂದಾಗ ಹಿಮದಾಗ ದವಾಖಾನಿಗೆ ಒಯ್ದಾಂವ ಯಾರು? ನಿಮ್ಮ ಆ ಕನ್ನಡ ಗುಂಪಿನ ಗೆಳ್ಯಾರೇನು?"

"ಬೇಲಿ ಹೊರಗ ಯಾಕ ಇಟ್ಟಿ ಅನ್ನ?"

"ಒಳಗ ಇಟ್ರ ಕಾಗಿಗಿಂತ ಮೊದಲ ನಾಯಿ ತಿಂತಿತ್ತು. ಅವತ್ತ ಗೇಟ್ ಹಾಕೂದು ಮರತೆ." ಅಷ್ಟು ಹೇಳಿ ನಾಯಿ ಹತ್ರ ಹೋಗಿ ನೆಲದ ಮೇಲೆ ಕೂತ್ರು. ಅದರ ತಲೆ ತೊಡೆ ಮೇಲೆ ಇಟ್ಕೊಂಡ್ರು.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಗೆ ಹೋದ್ವಿ. ಕೌಬಾಯ್ ಪೂರ್ತಿ ಹೇಳಿದ್ರು, ಅನ್ನ, ಕಾಗೆ, ಹೆಂಡತಿ, ಇಕ್ಕಳ. ಮುದುಕ ಕೇಳಿಸ್ಕೊಂಡ. ಒಳಗೆ ಕರೀಲಿಲ್ಲ.

"ನಿನ್ನ ನಾಯಿ ವಿಷಯಕ್ಕೆ ನನಗೆ ಸಂಕಟ ಇದೆ," ಅಂದ. "ಆದ್ರೆ ನನ್ನನ್ನ ಸುಳ್ಳುಗಾರ ಅಂದಿದ್ದು ಇಲ್ಲಲ್ಲ. ಹಾಲಲ್ಲಿ ಅಂದೆ. ಅಲ್ಲೇ ವಾಪಸ್ ತಗೋ."

ಮುಂದಿನ ಮಾರಾಟ ಜನವರೀಲಿ. ಮತ್ತೆ ಐದೂವರೆ ಗಂಟೆ, ಈ ಸಲ ಹಿಮದಲ್ಲಿ. ನನ್ನ ಗಂಡ, "ನಿನಗೇನು ಅಲ್ಲಿ ಕೆಲಸ?" ಅಂದ. ಸುಳ್ಳುಗಾರ ಅಂದಾಗ ಪಕ್ಕದಲ್ಲೇ ನಿಂತು ಹೌದು ಅಂತ ತಲೆ ಆಡಿಸಿದ್ದೆ ನಾನೂ. ಅದಕ್ಕೆ ಹೋದೆ.

ಕೌಬಾಯ್ ಹಾಲಿನ ಮಧ್ಯ ನಿಂತು, ತಗಡನ್ನ ಮೇಲೆತ್ತಿ ತೋರಿಸಿ, ತಮ್ಮ ಗದಗಿನ ಇಂಗ್ಲಿಷಲ್ಲಿ ಹೇಳಿದ್ರು: "ಈ ಮನುಷ್ಯ ಹೆಸರು ಕಟ್ಟಿದ್ದ. ಕತ್ತರಿಸಿದ್ದು ನಮ್ಮ ಮನೆಯವರು. ಸುಳ್ಳು ಅವನದಲ್ಲ." ಕೆಂಪು ಗಡ್ಡದವನು ಈ ಸಲ ನಗಲಿಲ್ಲ. ಮುದುಕ ಚರ್ಮದ ಕೂದಲು ಬಾಚ್ತಾ ಇದ್ದ, ತಲೆ ಎತ್ತಲಿಲ್ಲ. "ಸರಿ," ಅಂದ. ಬಾಚೋದು ಮುಗಿಸಿ, ಚರ್ಮ ಪಕ್ಕಕ್ಕಿಟ್ಟು ಕೇಳಿದ, "ಮೂರು ಕಾಲಲ್ಲಿ ಹಸು ಹಿಂದೆ ಓಡುತ್ತಾ ಅದು?"

"ಓಡ್ತದೆ," ಅಂದ್ರು ಕೌಬಾಯ್. "ತಿರುಗೋವಾಗ ಬೀಳ್ತದೆ."